ಹೆಡ್ ಗ್ಯಾಸ್ಕೆಟ್ ಹೋಗಿದೆಯೇ? ಬಿಚ್ಚುವ ಮೊದಲು ಪರೀಕ್ಷಿಸಿ

ತುಮಕೂರಿನಿಂದ ಶಿರಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವಾಗ ವಸಂತನರಸಾಪುರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಗುಬ್ಬಿ, ಕುಣಿಗಲ್ ಕಡೆಯಿಂದ ಇಲ್ಲಿಗೆ ಪಾಳಿ ಕೆಲಸಕ್ಕೆ ಬರುವವರಿಗೆ ಹಳೆಯ ಮಾರುತಿ 800 ಅಥವಾ ಓಮ್ನಿ ಇದ್ದರೆ ಅದೇ ಆಸರೆ. 800ರ ತಯಾರಿಕೆ ನಿಂತಿದ್ದು 2014ರಲ್ಲಿ, ಓಮ್ನಿಯದು 2019ರಲ್ಲಿ. ಕೊನೆಗೆ ಬಂದ 800ಕ್ಕೂ ಈಗ ಹತ್ತು ವರ್ಷ ದಾಟಿದೆ. ಏಪ್ರಿಲ್ ಬಿಸಿಲಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಏರಿ ಬಾನೆಟ್ ಸಂದಿಯಿಂದ ಹಬೆ ಹೊರಟರೆ, ಪಕ್ಕದಲ್ಲಿ ನಿಂತವರೆಲ್ಲ ಹೇಳುವುದು ಒಂದೇ ಮಾತು: ‘ಗ್ಯಾಸ್ಕೆಟ್ ಹೋಯ್ತು ಬಿಡಿ.’

ಆ ಮಾತನ್ನು ಕೂಡಲೇ ನಂಬಬೇಡಿ. ನನ್ನ 800 ಬಿಸಿಯಾದಾಗ ಒಂದು ಗ್ಯಾರೇಜಿನಲ್ಲಿ ಯಾವ ಪರೀಕ್ಷೆಯೂ ಇಲ್ಲದೆ ಹೆಡ್ ಇಳಿಸಿದರು. ಗ್ಯಾಸ್ಕೆಟ್ ನೆಟ್ಟಗಿತ್ತು. ಕೆಟ್ಟಿದ್ದು ರೇಡಿಯೇಟರ್ ಫ್ಯಾನಿನ ಸ್ವಿಚ್. ಮೂರು ದಿನದ ಕೂಲಿ, ಹೊಸ ಗ್ಯಾಸ್ಕೆಟ್ ಎರಡೂ ದಂಡವಾದವು.

ಗಾಡಿ ಬಿಸಿಯಾದ ಮೊದಲ ಹತ್ತು ನಿಮಿಷ ಬಹಳ ಮುಖ್ಯ. ‘ಇನ್ನೆರಡು ಕಿಲೋಮೀಟರ್, ಗೇಟು ಬಂದೇ ಬಿಡ್ತು’ ಎಂದು ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಹೆಡ್‌ಗೂ ಹತ್ತುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಸೀಟು ಎತ್ತಿದ ಕೂಡಲೇ ಹಬೆ ಮುಖಕ್ಕೇ ಹೊಡೆಯುತ್ತದೆ, ಆರುವವರೆಗೆ ಎತ್ತಬೇಡಿ. ರೇಡಿಯೇಟರ್ ಮುಚ್ಚಳವನ್ನಂತೂ ಮುಟ್ಟಲೇಬೇಡಿ. ಒತ್ತಡದಲ್ಲಿರುವ ಆ ನೀರು 100 ಡಿಗ್ರಿಗಿಂತ ಬಿಸಿಯಾಗಿರುತ್ತದೆ, ಮುಚ್ಚಳ ತೆರೆದರೆ ಕುದಿಯುತ್ತ ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ತಪ್ಪು, ಹೆಡ್ ಬಿರುಕು ಬಿಡಬಹುದು.

ಗ್ಯಾಸ್ಕೆಟ್‌ಗೆ ಎಂಜಿನ್ ಬ್ಲಾಕು ಮತ್ತು ಹೆಡ್ಡಿನ ನಡುವೆ ಮೂರು ಕೆಲಸ. ಸಿಲಿಂಡರಿನ ಉರಿ, ಆಯಿಲ್, ಕೂಲೆಂಟ್ ಒಂದರೊಳಗೊಂದು ಹೋಗದಂತೆ ತಡೆಯಬೇಕು. ಎಲ್ಲಿ ಒಡೆದಿದೆ ಎನ್ನುವುದರ ಮೇಲೆ ಲಕ್ಷಣ ಬದಲಾಗುತ್ತದೆ. ನೀರು ಸಿಲಿಂಡರಿಗೆ ಇಳಿದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಮಿಸ್ ಹೊಡೆಯುತ್ತದೆ. ಆಯಿಲಿಗೆ ಸೇರಿದರೆ ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣ. ಉರಿಯ ಗ್ಯಾಸ್ ನೀರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆ. ಆದರೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಎರಡು ನಿಮಿಷ ಬಂದು ನಿಲ್ಲುವ ಬಿಳಿ ಹೊಗೆ ಬರೀ ತೇವ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದೊಳಗಿನ ಬೆಣ್ಣೆಯಂಥ ಕೆನೆಯೂ ಹಾಗೆಯೇ. ಡಿಪ್‌ಸ್ಟಿಕ್‌ನ ಆಯಿಲ್ ಶುದ್ಧವಾಗಿದ್ದರೆ ಅಷ್ಟಕ್ಕೇ ಹೆದರಬೇಕಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ರಾತ್ರಿಯಿಡೀ ತಣ್ಣಗಾದ ಎಂಜಿನ್‌ಗೆ ರೇಡಿಯೇಟರ್ ಮುಚ್ಚಳ ತೆಗೆದು ಕೂಲೆಂಟ್ ತುಂಬಿಸಿ, ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷ ಒಳಗೆ ಸಿಕ್ಕ ಗಾಳಿ ಹೊರಬರುವುದು ಸಹಜ. ಆಮೇಲೂ ಗುಳ್ಳೆ ಬಿಡದೆ ಬರುತ್ತಿದ್ದು, ಎಕ್ಸಲರೇಟರ್ ಒತ್ತಿದಾಗ ಹೆಚ್ಚಾದರೆ ಅನುಮಾನ ಬಲವಾಯಿತು. ನೀರು ಬಿಸಿಯಾಗುವ ಮೊದಲೇ ನಿಲ್ಲಿಸಿ. ಇನ್ನು ಗ್ಯಾರೇಜಿನಲ್ಲಿ ಎರಡು ಪರೀಕ್ಷೆ ಕೇಳಿ. ಕಂಪ್ರೆಷನ್ ಗೇಜ್ ಹಾಕಿದಾಗ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕಡಿಮೆ ತೋರಿಸಿದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರುವುದು ಬಹುಪಾಲು ಖಚಿತ. ಇನ್ನೊಂದು, ರೇಡಿಯೇಟರ್ ಬಾಯಿಗೆ ಹಿಡಿಯುವ ನೀಲಿ ದ್ರಾವಣದ ಟೆಸ್ಟರ್. ಉರಿಯ ಗ್ಯಾಸ್ ತಾಗಿದರೆ ನೀಲಿ ಹಳದಿಗೆ ತಿರುಗುತ್ತದೆ. ಇವೆರಡೂ ಸರಿಯಿದ್ದರೆ ಹೆಡ್ ಬಿಚ್ಚಿಸಬೇಡಿ. ಫ್ಯಾನ್, ಥರ್ಮೋಸ್ಟಾಟ್, ವಾಟರ್ ಪಂಪ್, ರೇಡಿಯೇಟರ್ ಮುಚ್ಚಳದ ರಬ್ಬರು ನೋಡಿಸಿ.

ಬಿಚ್ಚಬೇಕಾಗಿಯೇ ಬಂದರೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿ ಕಳಚಿ, ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ ಮುಚ್ಚಿಡಿ. ಅದು ಸಿಹಿ, ನಾಯಿ ದನ ಕುಡಿದರೆ ಸಾಯುತ್ತವೆ, ಚರಂಡಿಗೆ ಚೆಲ್ಲಬೇಡಿ. ಟೈಮಿಂಗ್ ಬೆಲ್ಟ್ ತೆಗೆಯುವ ಮುನ್ನ ಗುರುತುಗಳನ್ನು ಸರಿಹೊಂದಿಸಿಕೊಳ್ಳಿ. ಹೆಡ್ ಬೋಲ್ಟುಗಳನ್ನು ಅಂಚಿನಿಂದ ನಡುವಿಗೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು.

ಹೆಡ್ ಇಳಿದ ಮೇಲೆ ಹಳೆಯ ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಸಿಲಿಂಡರಿನ ನಡುವಿನ ಸಣ್ಣ ಪಟ್ಟಿಯಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಉರಿ ಹಾದ ದಾರಿ ಅದೇ. ನೀರಿನ ತೂತಿನಿಂದ ಸಿಲಿಂಡರಿನ ಕಡೆಗೆ ತುಕ್ಕಿನ ಕಲೆ ಹರಿದಿದ್ದರೆ ಸೋರಿದ್ದು ಅಲ್ಲಿ. ಆ ಸಿಲಿಂಡರಿನ ಪಿಸ್ಟನ್ ತಲೆಯಂತೂ ಹಬೆಯಲ್ಲಿ ತೊಳೆದಂತೆ ಫಳಫಳ ಹೊಳೆಯುತ್ತಿರುತ್ತದೆ, ಪಕ್ಕದ್ದು ಮಾತ್ರ ಎಂದಿನಂತೆ ಕರಿ. ಎದುರಿನ ಬ್ಲಾಕಿನಲ್ಲೂ ಹೆಡ್‌ನಲ್ಲೂ ಅದೇ ಜಾಗವನ್ನು ಬೆರಳಿನಿಂದ ಸವರಿ, ಕೊರೆತ ಇದೆಯೇ ನೋಡಿ.

ಬಹಳ ಕಡೆ ಬಿಟ್ಟುಬಿಡುವ ಹೆಜ್ಜೆ ಮುಂದಿನದು. ಹೆಡ್ ಮೇಲೆ ಉಕ್ಕಿನ ನೇರ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಿ. ಇಷ್ಟು ಸಣ್ಣ ಎಂಜಿನ್‌ಗಳಲ್ಲಿ 0.05 ಮಿ.ಮೀ. ದಪ್ಪದ ಎಲೆ ಸಲೀಸಾಗಿ ನುಸುಳಿದರೆ ಹೆಡ್ ಬಾಗಿದೆ ಎಂದು ಲೆಕ್ಕ. ಹಾಗಿದ್ದರೆ ತುಮಕೂರಿನ ಮಷಿನ್ ಶಾಪಿಗೆ ಕೊಟ್ಟು ಫೇಸಿಂಗ್ ಮಾಡಿಸಿ, ಬಿರುಕಿನ ಪರೀಕ್ಷೆಯನ್ನೂ ಅಲ್ಲೇ ಕೇಳಿ. ಬಾಗಿದ ಹೆಡ್‌ಗೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಮತ್ತೆ ಹೋಗುತ್ತದೆ.

ಜೋಡಿಸುವಾಗ ಅಲ್ಯೂಮಿನಿಯಂ ಮೇಲೆ ಎಮ್ರಿ ಹಾಳೆ ಉಜ್ಜಬೇಡಿ, ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಬೋಲ್ಟಿನ ತೂತುಗಳಲ್ಲಿ ಆಯಿಲ್ ನೀರು ಉಳಿಯಬಾರದು. ಬಿಗಿಯುವಾಗ ಅದಕ್ಕೆ ಜಾಗ ಇಲ್ಲದೆ ಬ್ಲಾಕೇ ಒಡೆಯಬಹುದು. ಗ್ಯಾಸ್ಕೆಟನ್ನು ಒಣದಾಗಿಯೇ, ಗುರುತು ನೋಡಿ ಕೂರಿಸಿ. ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ‘ಕೈ ಅಂದಾಜು ನನಗಿದೆ’ ಎನ್ನುವ ಮೆಕ್ಯಾನಿಕ್‌ಗೆ ಈ ಕೆಲಸ ಕೊಡಬೇಡಿ. ಹಳೆಯ ಟೈಮಿಂಗ್ ಬೆಲ್ಟ್ ಮತ್ತೆ ಹಾಕದೆ ಹೊಸದು ಹಾಕಿಸಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೊಮ್ಮೆ ನೋಡಿ. ಆಯಿಲ್, ಫಿಲ್ಟರ್ ಹೊಸದು. ನೀರು ಬೆರೆತಿದ್ದ ಎಂಜಿನ್‌ಗೆ ಸುಮಾರು 500 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಆಯಿಲ್ ಬದಲಿಸಿ.

ಇಷ್ಟಾದರೂ ಗ್ಯಾಸ್ಕೆಟ್ ಏಕೆ ಹೋಯಿತು ಎಂದು ಹುಡುಕದಿದ್ದರೆ ಕೆಲಸ ಅರ್ಧವೇ. ನಮ್ಮ ಜಿಲ್ಲೆಯಲ್ಲಿ ನಾನು ಮೊದಲು ಅನುಮಾನಿಸುವುದು ನೀರನ್ನು. ಬೋರ್‌ವೆಲ್‌ನ ಗಡಸು ನೀರು ಸುರಿದೂ ಸುರಿದೂ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಮನೆಯ ನೀರೊಲೆ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ಇದು. ಸುಣ್ಣ ಕಟ್ಟಿದ ರೇಡಿಯೇಟರ್ ಫ್ಯಾನ್ ತಿರುಗಿದರೂ ಬಿಸಿ ಬಿಡುವುದಿಲ್ಲ. ಅದನ್ನು ಸ್ವಚ್ಛ ಮಾಡಿಸಿ ಅಥವಾ ಬದಲಿಸಿ, ಆಮೇಲೆ ಕೂಲೆಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಮಾತ್ರ ಬೆರೆಸಿ. ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳನ್ನು ಹಾಕಬೇಡಿ, ಅವು ಇದ್ದ ಕೊಳವೆಗಳನ್ನೂ ಮುಚ್ಚುತ್ತವೆ.

ಗಾಡಿ ಬಿಡಿಸಿಕೊಳ್ಳುವಾಗ ಹಳೆಯ ಗ್ಯಾಸ್ಕೆಟನ್ನು ಕೇಳಿ ಪಡೆಯಿರಿ, ಒಡೆದ ಜಾಗವನ್ನು ಮೆಕ್ಯಾನಿಕ್ ಕೈಯಿಂದಲೇ ತೋರಿಸಿಕೊಳ್ಳಿ. ಮೊದಲ ಹದಿನೈದು ದಿನ ಪ್ರತಿ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ, ಕೂಲೆಂಟ್ ಮಟ್ಟ ನೋಡಿ. ಇಳಿಯುತ್ತಿದ್ದರೆ ಶಿಫ್ಟಿಗೆ ಅಂದು ಬಸ್ಸಿನಲ್ಲಿ ಹೋಗಿ, ಗಾಡಿ ತೆಗೆಯಬೇಡಿ.