ವೆಂಟಿಲೇಟರ್ ತೆಗೆಯುವ ಮುನ್ನ: ಐಸಿಯು ಕಲಿಸಿದ ಪಾಠಗಳು

ವೆಂಟಿಲೇಟರ್ ತೆಗೆಯುವ ಮಾತು ಬಂದರೆ ಐಸಿಯುನಲ್ಲಿ ತಲೆ ನರೆತ ಡಾಕ್ಟರುಗಳೂ ತಡವರಿಸುತ್ತೇವೆ. ಕೇಳಿದರೆ ಕಾನೂನಿನ ಭಯ ಅನ್ನುತ್ತೇವೆ. ನನಗೆ ಈಚೀಚೆಗೆ ಆ ನೆಪದಲ್ಲಿ ನಂಬಿಕೆ ಉಳಿದಿಲ್ಲ. ಕಾನೂನು ದಾರಿ ಬಿಟ್ಟಾಗಿದೆ. ಮನೆಯವರ ಮುಂದೆ ಕೂತು ಮಾತಾಡುವುದೇ ನಮಗೆ ಕಷ್ಟ.

1. ಕಾನೂನು ಏನು ಹೇಳುತ್ತದೆ ಎಂದು ಮೊದಲು ಓದಿಕೊಳ್ಳಿ

2018ರ ಮಾರ್ಚ್ 9ರಂದು ಕಾಮನ್ ಕಾಸ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಇದೆ ಎಂದಿತು. ಆದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಆಗ ಹಾಕಿಕೊಟ್ಟ ಕ್ರಮ ಯಾರ ಕೈಲೂ ಆಗುವಂಥದ್ದಾಗಿರಲಿಲ್ಲ. 20 ವರ್ಷ ಅನುಭವದ ತಜ್ಞರ ಮಂಡಳಿ ಬೇಕು, ಜಿಲ್ಲಾಧಿಕಾರಿ ಇನ್ನೊಂದು ಮಂಡಳಿ ರಚಿಸಬೇಕು, ಮ್ಯಾಜಿಸ್ಟ್ರೇಟರು ಖುದ್ದಾಗಿ ರೋಗಿಯನ್ನು ನೋಡಬೇಕು! 2023ರ ಜನವರಿ 24ರಂದು ಕೋರ್ಟೇ ಇದನ್ನು ಸಡಿಲಿಸಿತು. ಈಗ ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಜೊತೆ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರಿದ್ದರೆ ಮೊದಲ ಮಂಡಳಿಯಾಯಿತು. ಎರಡನೆಯದರಲ್ಲಿ ಬೇರೆ ಇಬ್ಬರು ತಜ್ಞರು, ಜೊತೆಗೆ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರು. ಒಂದೊಂದು ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳಬೇಕು. ಮನೆಯವರ ಒಪ್ಪಿಗೆ ಪಡೆದು, ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ಮಾತ್ರ ಅಂದಿಗೂ ಇಂದಿಗೂ ಅಪರಾಧವೇ.

2. ಬ್ರೈನ್ ಡೆತ್ ಬೇರೆ, ಕೋಮಾ ಬೇರೆ

ಬ್ರೈನ್ ಡೆತ್ ಎಂದರೆ 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕುವ ಸಾವು. ಮೇಲೆ ಹೇಳಿದ ಮಂಡಳಿಗಳು ಕೋಮಾದಲ್ಲಿರುವವರಂತೆ ಇನ್ನೂ ಬದುಕಿರುವವರಿಗೆ. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದರೆ, ಅಂಗಾಂಗಕ್ಕಾಗಿ ಕೊಲ್ಲುತ್ತಿದ್ದಾರೆ ಎಂದು ಮನೆಯವರು ತಿಳಿದುಕೊಂಡರೆ ತಪ್ಪು ಅವರದಲ್ಲ.

3. ಅರುಣಾ ಶಾನಭಾಗರ ಹೆಸರನ್ನು ಎಲ್ಲದಕ್ಕೂ ಎಳೆಯಬೇಡಿ

ಅರುಣಾ ಹೊನ್ನಾವರದ ಹತ್ತಿರ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರಿನಲ್ಲಿ ನಡೆದ ಹಲ್ಲೆಯ ನಂತರ ಹಾಸಿಗೆ ಹಿಡಿದು 2015ರ ಮೇ ತಿಂಗಳವರೆಗೂ ಬದುಕಿದ್ದರು. ಅಷ್ಟು ವರ್ಷ ಅವರನ್ನು ಉಳಿಸಿದ್ದು ಯಂತ್ರವಲ್ಲ, ಊಟ ಮಾಡಿಸುತ್ತಿದ್ದ ಸಹೋದ್ಯೋಗಿ ನರ್ಸುಗಳ ಕೈ. ಅವರಿಗೆ ದಯಾಮರಣ ಕೋರಿದ್ದ ಪತ್ರಕರ್ತೆ ಪಿಂಕಿ ವಿರಾನಿಯವರ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೆ ಹೈಕೋರ್ಟಿನ ಒಪ್ಪಿಗೆಯಿದ್ದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂಬ ದಾರಿ ತೆರೆದದ್ದು ಅದೇ ತೀರ್ಪು. ಹಲವು ಅಂಗಾಂಗ ಸೋತು ವೆಂಟಿಲೇಟರ್ ಮೇಲಿರುವ ಅಜ್ಜನ ಮಗ "ಅರುಣಾ ಬದುಕಲಿಲ್ವಾ ಸಾರ್?" ಎಂದಾಗ ಅರುಣಾ ಯಂತ್ರದ ಬಲದಿಂದ ಬದುಕಿದ್ದಲ್ಲ ಎಂಬ ವ್ಯತ್ಯಾಸವನ್ನು ಸಮಾಧಾನವಾಗಿ ಬಿಡಿಸಿ ಹೇಳಬೇಕಾಗುತ್ತದೆ.

4. 'ಲಾಮಾ' ಫಾರಂ ಪರಿಹಾರವಲ್ಲ

ಅಧಿಕೃತ ದಾರಿ ಇದ್ದರೂ ನಮ್ಮಲ್ಲಿ ಹೆಚ್ಚು ನಡೆಯುವುದು ಇದು. ಒಂದೆರಡು ವಾರವಾಗುತ್ತದೆ, ದುಡ್ಡು ಮುಗಿಯುತ್ತದೆ, "ಮನೆಗೆ ಕರ್ಕೊಂಡು ಹೋಗ್ತೀವಿ ಸಾರ್" ಎನ್ನುತ್ತಾರೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಒಯ್ಯುತ್ತಿದ್ದೇವೆಂದು 'ಲಾಮಾ' (ಲೀವ್ ಅಗೇನ್ಸ್ಟ್ ಮೆಡಿಕಲ್ ಅಡ್ವೈಸ್) ಫಾರಂ ತುಂಬಿಸಿ ಸಹಿ ಹಾಕಿಸಿಕೊಳ್ಳುತ್ತೇವೆ; ಆಸ್ಪತ್ರೆ ಪಾರಾಯಿತು. ಆಮೇಲಿನದನ್ನು ಯಾರೂ ಬರೆಯುವುದಿಲ್ಲ. ಹಾವೇರಿ ಕಡೆಯ ರೈತರೊಬ್ಬರನ್ನು ಹೀಗೆ ಒಯ್ದಾಗ, ಆಂಬುಲೆನ್ಸಿನಲ್ಲಿ ಉಸಿರು ಕೊಡುವ ಅಂಬು ಬ್ಯಾಗನ್ನು ಕೈಯಿಂದ ಒತ್ತುತ್ತಾ ಕೂತಿದ್ದು ಅವರ ಅಳಿಯ. ಹೇಗೆ ಒತ್ತಬೇಕೆಂದು ನರ್ಸ್ ಬಾಗಿಲಲ್ಲೇ ತೋರಿಸಿಕೊಟ್ಟಿದ್ದರು. ಊರು ಮುಟ್ಟಿದ ಮೇಲೆ ಕೈ ಯಾವಾಗ ನಿಲ್ಲಿಸಬೇಕೆಂಬ ತೀರ್ಮಾನವೂ ಆ ಹುಡುಗನ ತಲೆಗೇ ಬಂತು. ಎರಡು ಮಂಡಳಿ, ಮ್ಯಾಜಿಸ್ಟ್ರೇಟು ಎಂದು ಕಾನೂನು ಇಷ್ಟು ಜನರ ಮೇಲೆ ಹಂಚಿಟ್ಟ ಭಾರವನ್ನು ನಾವು ಒಂದು ಸಹಿ ಹಾಕಿಸಿಕೊಂಡು ಅವನೊಬ್ಬನ ಮೇಲೆ ಹೊರಿಸುತ್ತೇವೆ. ಉಸಿರು ಸಿಕ್ಕಿಕೊಂಡಾಗ ಕೊಡಲು ಅವನ ಬಳಿ ಒಂದು ಹನಿ ಮಾರ್ಫಿನ್ ಕೂಡ ಇರುವುದಿಲ್ಲ.

ದುಡ್ಡಿನ ಮಾತು ಆಡುವುದು ಅಮಾನವೀಯ ಎನ್ನುವವರಿದ್ದಾರೆ. ಗುಣವಾಗದ ಕಾಯಿಲೆಗೆ ಹೊಲ ಮಾರಿಸಿ ಸುಮ್ಮನಿರುವುದು ಅದಕ್ಕಿಂತ ಅಮಾನವೀಯ.

5. "ತೆಗೆಯೋಣವಾ?" ಎಂದು ಕೇಳಬೇಡಿ

ಈ ಪ್ರಶ್ನೆಗೆ ಹೂಂ ಎಂದ ಮಗಳು ಅಪ್ಪನನ್ನು ತಾನೇ ಕಳಿಸಿಕೊಟ್ಟೆ ಎಂದು ಜೀವಮಾನವಿಡೀ ಕೊರಗುತ್ತಾಳೆ. ನಾನು ಕೇಳುವುದು: "ನಿಮ್ಮ ತಂದೆಯವರು ಈಗ ಎದ್ದು ಕೂತು ತಮ್ಮ ಸ್ಥಿತಿ ತಾವೇ ನೋಡಿದ್ದರೆ ಏನನ್ನುತ್ತಿದ್ದರು?" ಆಗ ತಂದೆಯ ಮಾತು ನೆನಪಾಗತೊಡಗುತ್ತದೆ. "ಯಾರಿಗೂ ಭಾರ ಆಗಬಾರದು ಅಂತಿದ್ರು" ಎಂದು ಯಾರೋ ಹೇಳುತ್ತಾರೆ. ಹಾಸಿಗೆ ಪಕ್ಕದಲ್ಲೇ ಇದ್ದವರು ಬೇಗ ಒಪ್ಪುತ್ತಾರೆ. ಅಮೆರಿಕದಿಂದ ಇಳಿದ ಅಣ್ಣ ಮಾತ್ರ "ಏನಾದ್ರೂ ಮಾಡಿ, ದುಡ್ಡಿನ ಚಿಂತೆ ಬೇಡ" ಎನ್ನುತ್ತಾನೆ. ಆತ ದುಷ್ಟನಲ್ಲ, ತಡವಾಗಿ ಬಂದವನು. ಅವನಿಗೂ ಒಂದೆರಡು ದಿನ ಬೇಕು.

6. ಯಂತ್ರ ನಿಲ್ಲಿಸಿದರೆ ಆರೈಕೆ ನಿಂತಂತಲ್ಲ

ಉಸಿರಾಟದ ಟ್ಯೂಬ್ ತೆಗೆಯುವ ಮೊದಲೇ ಮಾರ್ಫಿನ್ ಶುರುವಾಗಿರಬೇಕು. ಏದುಸಿರು ಕಂಡ ಮೇಲೆ ಸಿರಿಂಜು ಹುಡುಕಬಾರದು. ಸ್ನಾಯು ಸಡಿಲಿಸುವ ಔಷಧಿ ಹೋಗುತ್ತಿದ್ದರೆ ಅದರ ಪರಿಣಾಮ ಪೂರ್ತಿ ಇಳಿಯುವವರೆಗೆ ಕಾಯಬೇಕು, ಇಲ್ಲವಾದರೆ ನೋವಾಗುತ್ತಿದೆಯೇ ಎಂಬುದೇ ತಿಳಿಯದು. ಮಾನಿಟರಿನ ಅಲಾರಂ ಆಫ್ ಮಾಡಿ. ಪರದೆಯನ್ನೂ ತಿರುಗಿಸಿಡಿ, ಇಲ್ಲವಾದರೆ ಮನೆಯವರೆಲ್ಲ ಮುಖ ಬಿಟ್ಟು ಅಂಕಿಗಳನ್ನೇ ನೋಡುತ್ತಾರೆ. ತುಳಸಿ ನೀರು ಬಿಡುತ್ತೇವೆಂದರೆ ತುಟಿ ಒದ್ದೆಯಾಗುವಷ್ಟು ಬಿಡಲಿ. ವಿಸಿಟಿಂಗ್ ಅವರ್ಸ್ ನೆಪ ಹೇಳಬೇಡಿ. ಕೆಲವರು ನಿಮಿಷಗಳಲ್ಲಿ ಹೋಗುತ್ತಾರೆ, ಕೆಲವರು ದಿನಗಟ್ಟಲೆ ಇರುತ್ತಾರೆ. ಇದನ್ನೂ ಮೊದಲೇ ಹೇಳಿರಬೇಕು.

7. ಬರೆದಿಡುವುದು ಸುಲಭ

ಬುದ್ಧಿ ಸ್ವಾಧೀನದಲ್ಲಿರುವ ಯಾವ ವಯಸ್ಕರೂ, ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡವೆಂದು ಹೇಳುವ ಲಿವಿಂಗ್ ವಿಲ್ ಬರೆಯಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ನಮ್ಮ ಪರವಾಗಿ ತೀರ್ಮಾನ ಹೇಳುವವರ ಹೆಸರನ್ನು ಅದರಲ್ಲಿ ಕಾಣಿಸಬೇಕು. 2023ರ ನಂತರ ಒಬ್ಬರಿಗಿಂತ ಹೆಚ್ಚು ಜನರನ್ನು ಬರೆಯಬಹುದು. ಪ್ರೀತಿಯ ಮಗ ಎಂದು ದೂರದೇಶದಲ್ಲಿರುವವನ ಹೆಸರೊಂದನ್ನೇ ಬರೆಯಬೇಡಿ, ರಾತ್ರಿ ಎರಡು ಗಂಟೆಗೆ ಅವನ ಫೋನು ಸಿಗುವುದಿಲ್ಲ. ಊರಲ್ಲೇ ಇರುವ, ಅಳುತ್ತಲೇ ಆದರೂ ನಿಮ್ಮ ಮಾತು ನಡೆಸಿಕೊಡಬಲ್ಲ ಒಬ್ಬರ ಹೆಸರು ಸೇರಿಸಿ. ಬರೆದದ್ದನ್ನು ಬೀರುವಿನ ಲಾಕರಿನಲ್ಲಿ ಇಡಬೇಡಿ. ಒಂದು ಪ್ರತಿ ಅವರಿಗೆ, ಇನ್ನೊಂದು ಫ್ಯಾಮಿಲಿ ಡಾಕ್ಟರಿಗೆ ಕೊಟ್ಟಿರಿ.