ತಲೆಯಾಡಿಸಿದರೆ ಅರ್ಥವಾಯಿತೆಂದಲ್ಲ

ಚಾರ್ಮಾಡಿ, ಮುಂಡಾಜೆ ಕಡೆಯಿಂದ ನಮ್ಮ ಆಸ್ಪತ್ರೆಗೆ ಬರುವವರ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಚಿತ್ಪಾವನಿ, ಹೀಗೆ ಯಾವುದೂ ಇರಬಹುದು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಬರುವವರದು ಮಲೆನಾಡಿನ ಕನ್ನಡ. ಸಿಸ್ಟರ್ ಕೇರಳದವರಾದರೆ ಎಷ್ಟೋ ಸಲ ಇಬ್ಬರಿಗೂ ಕನ್ನಡ ಎರಡನೆಯ ಭಾಷೆ. ರೋಗಿ ಸಂಕೋಚಕ್ಕೆ ‘ಆಯ್ತು ಸಿಸ್ಟರ್’ ಎನ್ನುತ್ತಾರೆ, ತೊಡಕು ಅಲ್ಲೇ ಶುರು.

ದಾಖಲಿಸಿಕೊಳ್ಳುವಾಗಲೇ ಮನೆಮಾತು ಯಾವುದೆಂದು ಕೇಳಿ ಕೇಸ್‌ಶೀಟಿನಲ್ಲಿ ಬರೆಯಿರಿ. ಹೊಸಬರು ‘ಓಲು ಬೇನೆ ಆಪುಂಡು?’ (ಎಲ್ಲಿ ನೋವಾಗುತ್ತದೆ?), ‘ಏತ್ ದಿನ ಆಂಡ್?’ (ಎಷ್ಟು ದಿನವಾಯಿತು?) ಎಂಬಷ್ಟು ತುಳು ಕಲಿತರೆ ಅಜ್ಜಿಯಂದಿರ ಮುಖ ಅರಳುತ್ತದೆ. ಆದರೆ ಅಷ್ಟು ತುಳುವನ್ನೇ ನಂಬಿ ಆಪರೇಷನ್ನಿನ ಒಪ್ಪಿಗೆ ಪತ್ರ ವಿವರಿಸಲು ಹೋಗಬೇಡಿ. ಆಗ ಆ ಭಾಷೆ ಚೆನ್ನಾಗಿ ಬಲ್ಲ ಸಹೋದ್ಯೋಗಿಯನ್ನು ಕರೆಯಿರಿ. ಮುಟ್ಟು, ಹೆರಿಗೆ, ಮೂತ್ರದ ತೊಂದರೆಯ ಮಾತಿಗೆ ಮಕ್ಕಳನ್ನೋ ನೆರೆಮನೆಯವರನ್ನೋ ದುಭಾಷಿ ಮಾಡಲೇಬಾರದು. ಸಂಜೆಯೊಳಗೆ ವಿಷಯ ಊರಿಡೀ ಹಬ್ಬಿರುತ್ತದೆ.

ಹೆಚ್ಚು ಎಡವುವುದು ಮಾತ್ರೆಯ ಹೊತ್ತಿನಲ್ಲಿ. ‘ಮೂರು ಹೊತ್ತು, ಊಟ ಆದ ಮೇಲೆ’ ಎಂದುಬಿಡುತ್ತೇವೆ. ನಸುಕಿನಲ್ಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಬೆಳಗಿನ ತಿಂಡಿ ತಿನ್ನುವಾಗ ಬಿಸಿಲೇರಿರುತ್ತದೆ. ರಂಜಾನ್ ಉಪವಾಸವಿದ್ದವರು ಉಣ್ಣುವುದು ಬೆಳಗಾಗುವ ಮೊದಲು, ಮತ್ತೆ ಸೂರ್ಯ ಮುಳುಗಿದ ಮೇಲೆ. ಮೊದಲು ‘ನೀವು ಎಷ್ಟು ಹೊತ್ತಿಗೆ ಊಟ ಮಾಡುವುದು?’ ಎಂದು ಕೇಳಿ. ಹೊತ್ತು ಹೊಂದದಿದ್ದರೆ ವೈದ್ಯರಿಗೆ ತಿಳಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸದ ತಿಂಗಳಿಗೆ ಮುಂಚೆಯೇ ವೈದ್ಯರನ್ನು ಕಾಣಬೇಕು, ಡೋಸನ್ನು ತಾವಾಗಿ ಬಿಡಬಾರದು.

ಎಲ್ಲ ಹೇಳಿಯಾದ ಮೇಲೆ ‘ಗೊತ್ತಾಯ್ತಾ?’ ಎನ್ನಬೇಡಿ. ‘ನಾನು ಸರಿಯಾಗಿ ಹೇಳಿದೆನೋ ನೋಡುವ, ಮನೆಗೆ ಹೋಗಿ ಇದನ್ನು ಹೇಗೆ ತೆಗೆದುಕೊಳ್ಳುತ್ತೀರಿ?’ ಎನ್ನಿ. ಪರೀಕ್ಷೆ ನಿಮ್ಮದಾದರೆ ರೋಗಿಗೆ ನಾಚಿಕೆಯಿಲ್ಲ.

ಕಾಮಾಲೆಗೆ ಇಲ್ಲಿ ಮೊದಲ ದಾರಿ ಎಷ್ಟೋ ಮನೆಗಳಲ್ಲಿ ಇಂದಿಗೂ ಹಳ್ಳಿಮದ್ದೇ. ‘ನಾಟಿ ಮದ್ದು ತಿಂದಿರಾ?’ ಎಂದು ಗದರಿದರೆ ಇಲ್ಲವೆಂದೇ ಉತ್ತರ. ‘ಮನೆಯಲ್ಲಿ ಏನು ಮದ್ದು ಮಾಡಿದಿರಿ?’ ಎಂದರೆ ಬಾಯಿ ಬಿಡುತ್ತಾರೆ. ಹಾವು ಕಚ್ಚಿದವರಲ್ಲಂತೂ ಕಟ್ಟು ಕಟ್ಟಿದ್ದೆಷ್ಟು ಹೊತ್ತಿಗೆ, ಗಾಯ ಕೊಯ್ದಿದ್ದಾರೆಯೇ ಎಂದು ತಿಳಿಯಲೇಬೇಕು.

ದೈವಸ್ಥಾನದ ನೂಲು, ತಾಯಿತ, ಕರಿಮಣಿಗೆ ಕೇಳದೆ ಕತ್ತರಿ ಹಾಕಬೇಡಿ. ತೆಗೆಯಲೇಬೇಕಾದರೆ ಕಾರಣ ಹೇಳಿ, ಮನೆಯವರಿಂದಲೇ ಬಿಚ್ಚಿಸಿ ಅವರ ಕೈಗೇ ಕೊಡಿ. ರೋಗಿಯ ನಂಬಿಕೆ, ರೂಢಿಗಳನ್ನು ನೋಡಿ ಆರೈಕೆ ಮಾಡುವುದು ಹೊಸ ಮಾತೇನಲ್ಲ. ಅಮೆರಿಕದ ನರ್ಸ್ ಮೆಡಲೀನ್ ಲೀನಿಂಜರ್ ನರ್ಸಿಂಗ್ ಮತ್ತು ಮಾನವಶಾಸ್ತ್ರವನ್ನು ಬೆಸೆದ ಪುಸ್ತಕವನ್ನು 1970ರಲ್ಲೇ ತಂದರು. ನಮ್ಮಲ್ಲಿ ಅದು ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿ ಉಳಿದರೆ ಏನು ಬಂತು?

ಡಿಸ್ಚಾರ್ಜ್ ದಿನ ಘಾಟಿ ಮೇಲಿನವರನ್ನು ಬೇರೆಯಾಗಿ ಕೂರಿಸಿಕೊಳ್ಳಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ರಸ್ತೆ ಮುಚ್ಚಿದ್ದು ನೆನಪಿರಲಿ. ಮರಳಿ ಬರುವ ತಾರೀಕಿನ ಜತೆಗೆ, ಯಾವ ಲಕ್ಷಣ ಕಂಡರೆ ಕಾಯಬಾರದು, ದಾರಿ ಇಲ್ಲವಾದರೆ ಮೂಡಿಗೆರೆಯ ತಾಲೂಕು ಆಸ್ಪತ್ರೆಗೆ ಯಾವ ಕಾಗದ ಒಯ್ಯಬೇಕು ಎಂಬುದನ್ನೂ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ.