ಹುಸಿ ತೋಟಾದ ಅಭ್ಯಾಸ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಅಡಿಕೆ ತೋಟಗಳಲ್ಲಿಯೂ ಮೆಕ್ಕೆಜೋಳದ ಹೊಲಗಳಲ್ಲಿಯೂ ಬೆಳೆರಕ್ಷಣೆಗೆಂದು ಪರವಾನಗಿ ಪಡೆದು, ಚುನಾವಣೆ ಬಂದಾಗ ಠಾಣೆಗೊಪ್ಪಿಸಿ, ಮರಳಿ ತಂದ ಮೇಲೆ ತಿಂಗಳುಗಟ್ಟಲೆ ಮುಟ್ಟದೆ ಇಟ್ಟಿರುವ ಜೋಡುನಳಿಗೆಯ ಬಂದೂಕಿನ ಒಡೆಯರು, ಅದಕ್ಕೆ ನಿಜವಾದ ತೋಟಾ ತುಂಬುವ ಮುನ್ನ ಹುಸಿ ತೋಟಾಗಳಿಂದ ಕೈಯನ್ನು ಪಳಗಿಸಿಕೊಳ್ಳುವುದು ಉಚಿತ.

ಮದ್ದು, ಚರೆ, ಕೇಪು ಮೂರೂ ಇಲ್ಲದ, ಕೇಪಿನ ಸ್ಥಾನದಲ್ಲಿ ಸ್ಪ್ರಿಂಗನ್ನೋ ರಬ್ಬರನ್ನೋ ಹೊಂದಿ ಪಿನ್ನಿನ ಆಘಾತವನ್ನು ತಾಳಿಕೊಳ್ಳುವ ಈ ತೋಟಾದಿಂದ, ತುಂಬುವುದು, ತೆಗೆಯುವುದು, ಟ್ರಿಗರಿನಿಂದ ಬೆರಳನ್ನು ದೂರವಿರಿಸುವುದು ಇವೆಲ್ಲ ನಿರಪಾಯವಾಗಿ ಅಭ್ಯಾಸವಾಗುವುವು. ಆದರೆ ಮೊದಲು ನಿಜವಾದ ತೋಟಾಗಳೆಲ್ಲವನ್ನೂ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ, ಬಂದೂಕನ್ನು ಕೀಲಿನಲ್ಲಿ ಬಾಗಿಸಿ ತೆರೆದು, ಎರಡು ನಳಿಗೆಗಳಲ್ಲಿಯೂ ಆಚೆಯ ಬೆಳಕು ಕಾಣುವುದೋ ಎಂದು ಕಣ್ಣಿಟ್ಟು ನೋಡತಕ್ಕದ್ದು. ಅಭ್ಯಾಸದುದ್ದಕ್ಕೂ ನಳಿಗೆಯ ಬಾಯಿ ಯಾರತ್ತಲೂ ತಿರುಗಕೂಡದು.

ಹಾರಿಸಿದ ಹಳೆಯ ಕೋಶಗಳನ್ನೇ ಹುಸಿಯೆಂದು ಬಳಸುವ ಮಿತವ್ಯಯಿಗಳುಂಟು. ಮಬ್ಬುಬೆಳಕಿನಲ್ಲಿ ಅವು ನಿಜವಾದವುಗಳೊಡನೆ ಬೆರೆತುಹೋಗುವ ಸಂಭವವಿರುವುದರಿಂದ ಈ ಜಿಪುಣತನ ನನಗೆ ಸರ್ವಥಾ ಸಮ್ಮತವಲ್ಲ. ಬಣ್ಣದಿಂದಲೇ ಬೇರೆಯೆಂದು ತೋರುವಂಥವನ್ನು ಕೊಳ್ಳಿರಿ. ಜಗಳೂರಿನವರಿಗೆ ಇನ್ನೊಂದು ಮಾತು: ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ ನಿಮ್ಮ ನೆರೆಯಲ್ಲಿಯೇ ಇರುವುದು, 1959ರ ಆಯುಧ ಕಾಯಿದೆಯ ಪರವಾನಗಿಯು 1972ರ ವನ್ಯಜೀವಿ ಕಾಯಿದೆಯಡಿ ಬೇಟೆಗೆ ಅಪ್ಪಣೆಯಾಗಲಾರದು.